“ಅವತ್ತು ನಗ್ತಿದ್ದೆಯಲ್ಲ, ಈಗೇನಾಯ್ತು?”

ಪ್ರಶ್ನೆ: ನನಗೆ 34 ವರ್ಷ. ಕೆಲಸದಲ್ಲಿದ್ದೇನೆ. ಎಂಟು ತಿಂಗಳ ಹಿಂದೆ ಮನೋವೈದ್ಯರು ನನಗೆ ಖಿನ್ನತೆ ಇದೆ ಎಂದರು. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಆಪ್ತ ಸಮಾಲೋಚಕರ ಹತ್ತಿರವೂ ಹೋಗುತ್ತಿದ್ದೇನೆ. ಮೊದಲಿಗಿಂತ ಪರವಾಗಿಲ್ಲ. ಆದರೂ ಕೆಲವು ದಿನ ಸ್ನಾನಕ್ಕೆಂದು ಟವೆಲ್ ಹಿಡಿದು ಮಂಚದ ಮೇಲೆ ಕೂತರೆ ಗಂಟೆಗಟ್ಟಲೆ ಏಳಲು ಆಗುವುದಿಲ್ಲ. ನನ್ನ ಅಕ್ಕ ಇದನ್ನು ಕಾಯಿಲೆ ಅಂತ ಒಪ್ಪುವುದೇ ಇಲ್ಲ. “ನಿನಗೇನು ಕಮ್ಮಿ ಆಗಿದೆ? ಮನಸ್ಸು ಗಟ್ಟಿ ಮಾಡ್ಕೊ” ಅನ್ನುತ್ತಾಳೆ. ಹೋದ ತಿಂಗಳು ಗೆಳತಿಯ ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಮಕ್ಕಳ ಜೊತೆ ಆಡಿದೆ, ನಕ್ಕೆ. ಅಕ್ಕ ಆ ಫೋಟೊ ತೋರಿಸಿ, “ಅವತ್ತು ನಗ್ತಿದ್ದೆಯಲ್ಲ, ಈಗೇನಾಯ್ತು?” ಅಂದಳು. ಆಗಿನಿಂದ ನನಗೇ ಅನುಮಾನ. ನಾನು ನಾಟಕ ಮಾಡುತ್ತಿದ್ದೇನಾ? ಒಂದು ಸಲ ಮಾತ್ರೆ ಬಿಟ್ಟು ನೋಡಲಾ?

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಮಾತ್ರೆ ಬಿಡಬೇಡಿ. ಈ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ಸಿಡುಕು ಬರಬಹುದು. ಕಾಯಿಲೆಯೇ ತಿರುಗಿ ಬರಬಹುದು. ಪೂರ್ತಿ ಚೆನ್ನಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರ ನಿಗಾದಲ್ಲಿ ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾರೆ. ನೀವಿನ್ನೂ ಆ ಹಂತಕ್ಕೆ ಬಂದಿಲ್ಲ. ಅಕ್ಕನ ಒಂದು ಮಾತಿಗೆ ಪರೀಕ್ಷೆ ಕೊಡಲು ಹೋಗಿ ಎಂಟು ತಿಂಗಳ ಶ್ರಮ ಕಳೆದುಕೊಳ್ಳಬೇಡಿ.

ಈಗ ಆ ಫೋಟೊ ವಿಷಯ. ಖಿನ್ನತೆ ಅಂದರೆ ಯಾವಾಗಲೂ ಅಳುತ್ತಾ ಮೂಲೆಯಲ್ಲಿ ಕೂತಿರುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ವೈದ್ಯರು ಕೇಳುವುದು ಬೇರೆ. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿತ್ತಾ, ಯಾವುದರಲ್ಲೂ ಆಸಕ್ತಿ ಇರಲಿಲ್ವಾ ಅಂತ. ಬಹುಪಾಲು ಹೊತ್ತು, ಪ್ರತಿ ನಿಮಿಷವಲ್ಲ. ಕೆಲವರಿಗೆ ಖಿನ್ನತೆ ಜೋರಾಗಿರುವಾಗಲೂ ಒಳ್ಳೆಯದೇನಾದರೂ ನಡೆದರೆ ಸ್ವಲ್ಪ ಹೊತ್ತು ಮನಸ್ಸು ಹಗುರಾಗುತ್ತದೆ. ಮಕ್ಕಳು ಕೈ ಹಿಡಿದು ಎಳೆದಾಗ ನಗು ಬಂತು. ಅದು ನಿಜವಾದ ನಗು. ಮಂಚದ ಮೇಲೆ ಕೂತು ಏಳಲಾಗದೆ ಹೋದದ್ದೂ ನಿಜ. ಅಕ್ಕನಿಗೆ ಕಂಡದ್ದು ಮೊದಲನೆಯದು ಮಾತ್ರ. ಇನ್ನೊಂದು ಮಾತು: ಎಂಟು ತಿಂಗಳು ನೀವು ಚಿಕಿತ್ಸೆ ತೆಗೆದುಕೊಂಡದ್ದು ಯಾತಕ್ಕೆ? ಹೀಗೆ ನಗುವ ದಿನ ಬರಲಿ ಅಂತ ತಾನೇ? ಬಂತು. ಅದನ್ನೇ ಯಾರೋ ನಿಮ್ಮ ವಿರುದ್ಧ ಸಾಕ್ಷಿ ಮಾಡಿಬಿಟ್ಟರಲ್ಲ ಅಂತ ನನಗೆ ತುಂಬಾ ಸಂಕಟವಾಯಿತು.

ಅಕ್ಕ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಾನೂ ಒಂದು ಕಾಲಕ್ಕೆ ಹಾಗೇ ಇದ್ದೆ. ನನ್ನ ಗೆಳತಿಯೊಬ್ಬಳಿಗೆ ಖಿನ್ನತೆ ಬಂದಿತ್ತು. ದಿನಾ ಫೋನ್ ಮಾಡಿ, “ಹೊರಗೆ ಓಡಾಡು, ಏನಾದರೂ ಓದು, ಸುಮ್ನೆ ಕೂರಬೇಡ” ಅನ್ನುತ್ತಿದ್ದೆ. ವಾರ ಕಳೆದರೂ ಅವಳು ಯಾವುದನ್ನೂ ಮಾಡಲಿಲ್ಲ. ನನಗೆ ಸಿಟ್ಟು ಬಂತು. “ನೀನು ಪ್ರಯತ್ನವನ್ನೇ ಮಾಡ್ತಿಲ್ಲ” ಅಂದುಬಿಟ್ಟೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಹೇಳಿದಳು, “ಬೆಳಿಗ್ಗೆ ಬ್ರಷ್ ಮೇಲೆ ಪೇಸ್ಟ್ ಹಾಕಿ ಇಟ್ಟೆ. ಅದು ಒಣಗಿ ಹೋಯ್ತು. ನಾನು ನೋಡ್ತಾ ನಿಂತಿದ್ದೆ.” ಆ ಒಣಗಿದ ಪೇಸ್ಟ್ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಅವಳು ಪ್ರಯತ್ನ ಮಾಡುತ್ತಲೇ ಇದ್ದಳು. ಆ ಪ್ರಯತ್ನದ ಅಳತೆ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಯಾಕೆ ಗೊತ್ತಾಗುವುದಿಲ್ಲ ಅಂದರೆ, ನಮಗೆಲ್ಲ ಇದು ಗೊತ್ತು ಅನ್ನುವ ಭ್ರಮೆ ಇದೆ. ತಂಡ ಪಂದ್ಯ ಸೋತರೂ “ಡಿಪ್ರೆಶನ್ ಆಯ್ತು” ಅನ್ನುತ್ತೇವೆ, ಅಂಕ ಕಡಿಮೆ ಬಂದರೂ ಅದೇ ಮಾತು. ಹೀಗೆ ಬಳಸಿ ಬಳಸಿ ಆ ಪದ ಸವೆದಿದೆ. ನೀವು ಖಿನ್ನತೆ ಅಂದಾಗ ಅಕ್ಕ ತಾವು ಹಿಂದೆಂದೋ ಪಟ್ಟ ದುಃಖವನ್ನು ನೆನೆಸಿಕೊಳ್ಳುತ್ತಾರೆ. ನಾಲ್ಕು ದಿನ ಅತ್ತು, ಎದ್ದು ಕೆಲಸಕ್ಕೆ ಹೋಗಿರುತ್ತಾರೆ. ನಾನು ದಾಟಿದೆ, ಇವಳಿಗೇನಾಗಿದೆ ಅನ್ನಿಸುವುದು ಸಹಜ. ಆದರೆ ದುಃಖದಲ್ಲಿರುವವರಿಗೆ ಏನೋ ಬೇಕು ಅನ್ನಿಸುತ್ತಿರುತ್ತದೆ. ಹೋದವರು ಬೇಕು, ಒರಗಲು ಒಂದು ಹೆಗಲು ಬೇಕು. ಖಿನ್ನತೆ ಆ ‘ಬೇಕು’ ಅನ್ನುವುದನ್ನೇ ತೆಗೆದುಬಿಡುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಮನಸ್ಸೇ ಬೇಕಲ್ವಾ? ಕಾಯಿಲೆ ಬಂದಿರುವುದೂ ಆ ಮನಸ್ಸಿಗೇ.

ತೋರಿಸಲು ಒಂದು ರಿಪೋರ್ಟೂ ಇಲ್ಲ. ಸಕ್ಕರೆ ಕಾಯಿಲೆಗೆ ರಕ್ತದ ಲೆಕ್ಕ ಸಿಗುತ್ತದೆ, ಮೂಳೆ ಮುರಿದರೆ ಎಕ್ಸ್‌ರೇ ಸಿಗುತ್ತದೆ. ಇಲ್ಲಿ ರಕ್ತಪರೀಕ್ಷೆ ಮಾಡಿಸುವುದು ಥೈರಾಯ್ಡ್, ರಕ್ತಹೀನತೆಯಂಥ ಬೇರೆ ತೊಂದರೆ ಇದೆಯಾ ಅಂತ ನೋಡಲು. ಖಿನ್ನತೆಯನ್ನು ಗುರುತಿಸುವುದು ಮಾತಿನಿಂದಲೇ. 9 ಪ್ರಶ್ನೆಗಳ ಒಂದು ಪಟ್ಟಿ ಎಲ್ಲೆಡೆ ಬಳಕೆಯಲ್ಲಿದೆ, 0ಯಿಂದ 27ರವರೆಗೆ ಅಂಕ. ಅದಕ್ಕೂ ಉತ್ತರ ಹೇಳಬೇಕಾದವರು ನೀವೇ. ನಿಮ್ಮ ಮಾತನ್ನು ನಂಬದವರಿಗೆ ಮುಂದಿಡಲು ನಿಮ್ಮ ಮಾತು ಬಿಟ್ಟು ಬೇರೇನೂ ಇಲ್ಲ.

ಮೇಲಾಗಿ, ಇದು ಹೊರಗೆ ಕಾಣುವುದು ಗುಣದ ದೋಷದಂತೆ. ಜ್ವರ ಬಂದರೆ ಮೈ ಬಿಸಿಯಾಗುತ್ತದೆ, ಯಾರೂ ಬೈಯುವುದಿಲ್ಲ. ಖಿನ್ನತೆ ಬಂದರೆ ಫೋನ್ ಎತ್ತುವುದಿಲ್ಲ, ಹೇಳಿದ ಹೊತ್ತಿಗೆ ಬರುವುದಿಲ್ಲ, ಮಾತಿಗೆ ಮುಂಚೆ ಸಿಡುಕುತ್ತಾರೆ. ನೋಡುವವರಿಗೆ ಸೋಮಾರಿತನ, ಅಸಡ್ಡೆ, ದುರಹಂಕಾರ ಕಾಣುತ್ತದೆ.

ಇನ್ನು ಅಕ್ಕನ ಒಳಗೆ ಭಯವೂ ಇರಬಹುದು. “ನಿನಗೇನು ಕಮ್ಮಿ?” ಅನ್ನುವುದು ಕಾರಣ ಹುಡುಕುವ ಮಾತು. ಕಾರಣ ಸಿಕ್ಕರೆ ಸಮಾಧಾನ, ಸಿಗದಿದ್ದರೆ ಇದು ಯಾರಿಗೆ ಬೇಕಾದರೂ ಬರಬಹುದು ಅಂತಾಯಿತು. ಒಡಹುಟ್ಟಿದವರಿಗಂತೂ ಇದು ಇನ್ನೂ ಹತ್ತಿರದ ವಿಷಯ. ಖಿನ್ನತೆ ಇರುವವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಅದು ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಬಂದೇ ಬರುತ್ತದೆ ಅಂತಲ್ಲ. ಆದರೂ ಕೆಲವರು ಕಾಯಿಲೆ ಇಲ್ಲವೇ ಇಲ್ಲ ಅನ್ನುವುದು ತಮ್ಮ ಧೈರ್ಯಕ್ಕೆ. ಇದು ಅವರ ಮಾತಿಗೆ ಸಮರ್ಥನೆ ಅಲ್ಲ, ಆ ಮಾತನ್ನು ನೀವು ನಿಮ್ಮ ಮೇಲಿನ ತೀರ್ಪು ಅಂತ ತೆಗೆದುಕೊಳ್ಳಬಾರದು ಅಂತ ಹೇಳುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಕ್ಕನ ಮಾತಲ್ಲ, “ನಾನು ನಾಟಕ ಮಾಡುತ್ತಿದ್ದೇನಾ” ಅನ್ನುವ ನಿಮ್ಮದೇ ಪ್ರಶ್ನೆ. ತಾನು ಯಾವುದಕ್ಕೂ ಬಾರದವಳು, ಎಲ್ಲಾ ನನ್ನದೇ ತಪ್ಪು ಅನ್ನಿಸುವುದು ಈ ಕಾಯಿಲೆಯ ಲಕ್ಷಣಗಳಲ್ಲೇ ಒಂದು. ಹಾಗಾಗಿ ಹೊರಗಿನವರು ಒಂದು ಮಾತು ಅಂದರೆ ಒಳಗಿರುವ ಕಾಯಿಲೆ ತಕ್ಷಣ ಹೌದು ಅನ್ನುತ್ತದೆ. ನಿಮ್ಮನ್ನು ಒಂದೇ ಕೇಳುತ್ತೇನೆ. ಟವೆಲ್ ಹಿಡಿದು ಕೂತಿದ್ದಾಗ ಆ ಕೋಣೆಯಲ್ಲಿ ಯಾರಿದ್ದರು? ನಾಟಕ ನೋಡುವುದಕ್ಕೆ ಒಬ್ಬರಾದರೂ ಬೇಕಲ್ಲ?

ಅಕ್ಕನ ಜೊತೆ ಫೋಟೊ ಬಗ್ಗೆ ವಾದ ಮಾಡಬೇಡಿ, ಗೆಲ್ಲಲು ಆಗುವುದಿಲ್ಲ. ಮನಸ್ಸು ಸ್ವಲ್ಪ ಚೆನ್ನಾಗಿರುವ ದಿನ ಒಂದೇ ಒಂದು ಸಲ ಹೇಳಿ. ಕಾಯಿಲೆಯ ಹೆಸರು ಹೇಳಬೇಡಿ, ಟವೆಲ್‌ನ ಕಥೆ ಹೇಳಿ. ಗೆಳತಿ ನನಗೆ ಪೇಸ್ಟ್‌ನ ಕಥೆ ಹೇಳಿದ ಹಾಗೆ. ಜೊತೆಗೆ ಏನಾದರೂ ಸಣ್ಣದು ಕೇಳಿ: “ಅಕ್ಕಾ, ಬುದ್ಧಿಮಾತು ಬೇಡ. ಭಾನುವಾರ ಬೆಳಿಗ್ಗೆ ಬಂದು ಅರ್ಧ ಗಂಟೆ ನನ್ನ ಪಕ್ಕ ಕೂತ್ಕೊ.” ಏನು ಮಾಡಬೇಕೋ ಗೊತ್ತಾಗದೆ ಬೈಯುವವರೇ ಜಾಸ್ತಿ. ಮಾಡಲು ಏನಾದರೂ ಸಿಕ್ಕರೆ ಕೆಲವರು ಬದಲಾಗುತ್ತಾರೆ. ಅಕ್ಕ ಬದಲಾಗದಿದ್ದರೆ ಆ ವಿಷಯ ಅವರ ಹತ್ತಿರ ಎತ್ತಬೇಡಿ. ಅವರನ್ನು ಪ್ರೀತಿಸುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ. ನಿಮ್ಮನ್ನು ನಂಬುವ ಒಬ್ಬರು ಸಾಕು, ಅವರು ಮನೆಯವರೇ ಆಗಬೇಕು ಅಂತಿಲ್ಲ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಐದಾರು ಜನರಿಗೆ ಖಿನ್ನತೆ ಇದೆ. ನಿಮ್ಮ ಮಾತು ಅರ್ಥವಾಗುವವರು ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರದಲ್ಲೇ ಇರಬಹುದು.

ನೀವು ಬರೆದಿಲ್ಲ, ಆದರೂ ಕೇಳಲೇಬೇಕು. ಬದುಕು ಸಾಕು, ಸತ್ತರೆ ಚೆನ್ನ ಅನ್ನುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ಇವತ್ತೇ ವೈದ್ಯರಿಗೋ ಸಹಾಯವಾಣಿಗೋ ಫೋನ್ ಮಾಡಿ, ಒಬ್ಬರೇ ಇರಬೇಡಿ. ಯೋಚನೆ ಜೋರಾದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಎಂಟು ತಿಂಗಳಾದರೂ ಟವೆಲ್ ಹಿಡಿದು ಕೂರುವ ದಿನಗಳು ಬರುತ್ತಿವೆ ಅನ್ನುವುದು ವೈದ್ಯರಿಗೆ ಗೊತ್ತಾ? ಇಷ್ಟಾದರೂ ಸುಧಾರಿಸಿತಲ್ಲ ಅಂತ ಸುಮ್ಮನಾಗಬೇಡಿ. ಮಾತ್ರೆಯ ಪ್ರಮಾಣ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು, ಸಮಾಲೋಚನೆಯ ರೀತಿ ಬದಲಿಸಬಹುದು. ಮುಂದಿನ ಭೇಟಿಯವರೆಗೆ ಅಂಥ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಆ ಫೋಟೊ ಅಳಿಸಬೇಡಿ, ಅದನ್ನೂ ವೈದ್ಯರಿಗೆ ತೋರಿಸಿ. ಅವರಿಗೆ ಎರಡೂ ಬೇಕಾಗುತ್ತದೆ.