ಹಂದಿಮಾಂಸ ಮುಟ್ಟದವರ ತಲೇಲೂ ಹುಳು ಸೇರುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮಗಳ ಜೊತೆ ಕೂತ್ಕೊಂಡು 'ಹೌಸ್' ಅನ್ನೋ ಇಂಗ್ಲಿಷ್ ಆಸ್ಪತ್ರೆ ಸೀರಿಯಲ್ ನೋಡೋಕೆ ಶುರು ಮಾಡಿದೀನಿ. ಮೊದಲ್ನೇ ಎಪಿಸೋಡಲ್ಲೇ ಪುಟ್ಟ ಮಕ್ಕಳ ಟೀಚರ್ ಒಬ್ಳು ಕ್ಲಾಸಲ್ಲಿ ಮಾತು ತೊದಲಿ ಫಿಟ್ಸ್ ಬಂದು ಬೀಳ್ತಾಳೆ, ಕೊನೆಗೆ ನೋಡಿದ್ರೆ ಮೆದುಳಲ್ಲಿ ಲಾಡಿಹುಳುವಿನ ಮರಿ, ಹಂದಿಮಾಂಸದಿಂದ ಬಂದಿದ್ದು ಅಂತಾರೆ. ಇದು ನಿಜಾನಾ? ನಮ್ಮನೇಲಿ ಮೊಟ್ಟೇನೂ ತರಲ್ಲ, ನಮಗೆ ಆ ಭಯ ಇಲ್ಲ ತಾನೇ?
– ಓದುಗರೊಬ್ಬರು, ಹಾಸನ

ಉತ್ತರ: ಕಾಯಿಲೆ ನೂರಕ್ಕೆ ನೂರು ನಿಜ ಅಮ್ಮಾ, ನ್ಯೂರೋಸಿಸ್ಟಿಸರ್ಕೋಸಿಸ್ ಅಂತ ಹೆಸರು. 2004ರಲ್ಲಿ ಬಂದ ಆ ಎಪಿಸೋಡಲ್ಲಿ ಅಮೆರಿಕದ ಡಾಕ್ಟರುಗಳು ಇದು ಏನು ಅಂತ ಗೊತ್ತಾಗ್ದೆ ಒದ್ದಾಡ್ತಾರೆ, ನಮ್ಮ ದೇಶದಲ್ಲಿ ಫಿಟ್ಸ್ ಬಂದೋರಿಗೆ ನಾವು ಮೊದಮೊದಲು ಅನುಮಾನ ಪಡೋ ಕಾರಣಗಳಲ್ಲೇ ಇದೂ ಒಂದು. ಆದ್ರೆ 'ನಮಗೆ ಭಯ ಇಲ್ಲ' ಅಂತ ಬರೆದಿದೀರಲ್ಲ, ದಯವಿಟ್ಟು ಹಾಗೆ ಅಂದ್ಕೋಬೇಡಿ.

ಸರಿಯಾಗಿ ಬೇಯದ ಹಂದಿಮಾಂಸ ತಿಂದ್ರೆ ಹುಳು ಬೆಳೆಯೋದು ಕರುಳಲ್ಲಿ. ಆ ಮನುಷ್ಯನ ಮಲದಲ್ಲಿ ಹುಳುವಿನ ಮೊಟ್ಟೆ ಹೊರಗೆ ಬರುತ್ತೆ, ಅಲ್ಲಿಂದ ಬಯಲು, ಚರಂಡಿ, ಆ ನೀರು ಹಾಯಿಸಿದ ಸೊಪ್ಪು, ತೊಳೀದೆ ಇರೋ ಕೈ, ಹೀಗೆ ಯಾರ ಬಾಯಿಗೆ ಹೋಗುತ್ತೋ ಅವರ ರಕ್ತಕ್ಕಿಳಿದು ಮರಿಹುಳು ಮೆದುಳು, ಕಣ್ಣು, ಮಾಂಸಖಂಡಗಳಲ್ಲಿ ಗೂಡು ಕಟ್ಟುತ್ತೆ. ಅಂದ್ರೆ ಹಂದಿಮಾಂಸ ತಿನ್ನೋದು ಒಬ್ರು, ಫಿಟ್ಸ್ ಬರೋದು ಹಸಿ ಕ್ಯಾರೆಟ್ ತಿಂದ ಇನ್ನೊಬ್ರಿಗೆ. ಸೀರಿಯಲ್ಲಲ್ಲಿ ಈ ಮಧ್ಯದ ದಾರಿ ಸರಿಯಾಗಿ ಕಾಣ್ಸೋದೇ ಇಲ್ಲ, ಅದೇ ನನಗೆ ಬೇಜಾರು. ಕೋಸಂಬರಿ ಬಿಡ್ಬೇಕಾಗಿಲ್ಲ, ಕೊತ್ತಂಬರಿ ಕಟ್ಟು ಬಿಚ್ಚಿ ಬೇರಿನ ಮಣ್ಣು ಕತ್ತರಿಸಿ ಎರಡು ಮೂರು ನೀರಲ್ಲಿ ಅದ್ದಿ ತೊಳೀರಿ, ಎಲೆಕೋಸನ್ನ ಎಲೆ ಎಲೆ ಬಿಡಿಸಿ ತೊಳೀರಿ, ಅಡುಗೆ ಮಾಡೋರ ಕೈಗೆ ಸೋಪು ಇರ್ಲಿ.

ಸೀರಿಯಲ್ಲಲ್ಲಿ ತೊಡೆ ಎಕ್ಸ್‌ರೇ ತೆಗೆದು ಹುಳು ತೋರಿಸ್ತಾರಲ್ಲ, ಹಾಗೂ ಕೆಲವು ಸಲ ಕಾಣುತ್ತೆ, ಆದ್ರೆ ನಾವು ನಂಬೋದು ಸಿ.ಟಿ., ಎಂ.ಆರ್.ಐ. ಸ್ಕ್ಯಾನ್ ನ. ಬಟಾಣಿ ಗಾತ್ರದ ಒಂದು ಉಂಗುರ, ಅದರೊಳಗೆ ಒಂದು ಚುಕ್ಕೆ, ಆ ಚುಕ್ಕೇನೇ ಹುಳುವಿನ ತಲೆ. ಹೆಚ್ಚಿನವರಿಗೆ ಮಾತ್ರೇಲೇ ವಾಸಿ ಆಗುತ್ತೆ. ಸ್ಕೂಲಲ್ಲಿ ಮಕ್ಕಳಿಗೆ ಜಂತುಹುಳುಗೆ ಕೊಡೋ ಅದೇ ಆಲ್ಬೆಂಡಜೋಲ್, ಆದ್ರೆ ನೀವೇ ಮೆಡಿಕಲ್ಸಿಂದ ತಂದು ಕೊಡ್ಬೇಡಿ, ಮೆದುಳೊಳಗೆ ಹುಳು ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಜಾಸ್ತಿ ಆಗ್ಬಹುದು, ಅದಕ್ಕೇ ಕಣ್ಣಲ್ಲೂ ಹುಳು ಇದ್ಯಾ ಅಂತ ಪರೀಕ್ಷೆ ಮಾಡಿಸಿ, ಸ್ಟೀರಾಯ್ಡ್ ಜೊತೆಗಿಟ್ಟು ಕೊಡ್ತೀವಿ. ಫಿಟ್ಸ್ ಮಾತ್ರೆ ಬೇರೆ, ಅದನ್ನ ಡಾಕ್ಟ್ರು ಹೇಳೋವರೆಗೂ ನಿಲ್ಲಿಸೋ ಹಾಗಿಲ್ಲ.

ಇನ್ನೊಂದು ವಿಷ್ಯ, ಕಣ್ಣೆದುರಿಗೆ ಯಾರಾದ್ರೂ ಹಾಗೆ ಬಿದ್ರೆ ಕೈಗೆ ಬೀಗದ ಕೈ ತುರುಕೋದು, ಬಾಯಿಗೆ ಚಮಚ ಹಾಕೋದು ಬೇಡ ಅಮ್ಮಾ. ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡ್ಕೊಳ್ಳಿ, 5 ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ.