ಮಣಿಕಟ್ಟಿನ ನೋವು ಮತ್ತು ಮೆಕ್ಯಾನಿಕಲ್ ಕೀಬೋರ್ಡ್

ಪ್ರಶ್ನೆ: ಕನ್ನಡ ಪುಸ್ತಕಗಳ ಡಿಟಿಪಿ ಕೆಲಸವನ್ನು ಮನೆಯಲ್ಲೇ ಮಾಡುವ ನನಗೆ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕೊಳ್ಳಬಹುದು, ಆದರೆ ಮೆಕ್ಯಾನಿಕಲ್ (ಪ್ರತಿ ಕೀಲಿಯಡಿಯೂ ಸ್ಪ್ರಿಂಗಿರುವ ಪ್ರತ್ಯೇಕ ಸ್ವಿಚ್ಚು ಇರುವಂಥದು) ಎಂಬ ಒಂದೇ ಕಾರಣಕ್ಕೆ ಯಾವ ಕೀಬೋರ್ಡೂ ನೋವನ್ನು ಕಳೆಯುವುದಿಲ್ಲ. ಮಣಿಕಟ್ಟು ಹೊರಕ್ಕೆ ಬಾಗದಂತೆ ಕೈಗಳನ್ನು ಭುಜದಷ್ಟು ಅಗಲಕ್ಕೆ ಇರಿಸಲು ಅನುವಾಗುವ, ಎರಡು ಹೋಳಾದ ವಿನ್ಯಾಸವನ್ನು ಮೊದಲು ಹುಡುಕಿರಿ. ಸ್ವಿಚ್ಚಿನ ಮಾತು ಆಮೇಲಿನದು. ಬಣ್ಣದ ಹೆಸರಿನಿಂದ ಗುರುತಿಸುವ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಲ್ಲಿ ರೆಡ್‌ಗೆ ಸುಮಾರು 45 ಗ್ರಾಂ ತೂಕದಷ್ಟು ಒತ್ತಡ ಸಾಕು, ಬ್ರೌನ್‌ಗೆ 55 ಬೇಕು; ಎರಡರಲ್ಲೂ ಕೀಲಿ 4 ಮಿಲಿಮೀಟರ್ ಇಳಿಯುತ್ತದಾದರೂ 2 ಮಿಲಿಮೀಟರಿಗೇ ಅಕ್ಷರ ಮೂಡುವುದರಿಂದ ತಳ ಮುಟ್ಟುವವರೆಗೆ ಗುದ್ದಬೇಕಾಗಿಲ್ಲ. ಬ್ಲೂ ಸ್ವಿಚ್ಚಿನ ಟಕಟಕ ಸದ್ದು, ನಮ್ಮ ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ, ಪಕ್ಕದಲ್ಲಿ ಮಲಗಿದವರಿಗೆ ಹಿಡಿಸದು.

ನೀವು ಕನ್ನಡ ತಂತ್ರಾಂಶ ‘ನುಡಿ’ಯ ಕೀಲಿ ವಿನ್ಯಾಸ ಬಳಸುವವರಾದರೆ ಇನ್ನೊಂದು ಮಾತು: ಒತ್ತಕ್ಷರಕ್ಕೆಲ್ಲ ‘ಎಫ್’ ಕೀಲಿಯೇ ಬೇಕು, ‘ರಾಷ್ಟ್ರ’ ಎಂಬ ಒಂದೇ ಪದಕ್ಕೆ ಎರಡು ಸಲ. ಆ ಭಾರವೆಲ್ಲ ಎಡ ತೋರುಬೆರಳಿನದು. ಬೆಸುಗೆಯಿಲ್ಲದೆ ಸ್ವಿಚ್ಚು ಬದಲಿಸಬಹುದಾದ ಹಾಟ್‌ಸ್ವಾಪ್ ಕೀಬೋರ್ಡಾದರೆ ಅದೊಂದು ಕೀಲಿಗೆ ಹಗುರ ಸ್ವಿಚ್ಚು ಕೂರಿಸಿಕೊಳ್ಳಬಹುದು. ಮಣಿಕಟ್ಟು ಮೇಲಕ್ಕೆ ಬಾಗದಂತೆ, ಈಗಿರುವ ಕೀಬೋರ್ಡಿನ ಹಿಂಬದಿಯ ಕಾಲುಗಳನ್ನು ಈಗಲೇ ಮಡಚಿಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗಡಿಗೆ ಮೊದಲು ವೈದ್ಯರಲ್ಲಿಗೆ ಹೋಗಿರಿ.