ಕಂಪ್ರೆಸರ್‌ನ ಎಲ್‌ಇಡಿ ಮೀಟರ್ ನಡುವೆ ತಪ್ಪು ತೋರಿಸಿದರೆ ಟ್ರಿಮ್ಮರ್ ಬದಲಿಸಬೇಕಾ?

ಬೇಡ. ನಿಮ್ಮ ಟ್ರಿಮ್ಮರ್, ಅಂದರೆ ಮೀಟರ್ ಹೊಂದಿಸುವ ಪುಟ್ಟ ತಿರುಗು ರೆಸಿಸ್ಟರ್, ಸರಿಯಾಗೇ ಇದೆ. ಕಂಪ್ರೆಸರ್ (ಜೋರಾದ ದನಿಯನ್ನು ತಾನಾಗಿ ಇಳಿಸುವ ಯಂತ್ರ) ಎಷ್ಟು ಡಿಬಿ, ಅಂದರೆ ಡೆಸಿಬೆಲ್, ಇಳಿಸುತ್ತಿದೆ ಅಂತ ತೋರಿಸುವ, ಎಲ್‌ಎಂ 3915 ಚಿಪ್ ಹಾಕಿದ ಹತ್ತು ದೀಪದ ಮೀಟರ್, ಸೊನ್ನೆಗೂ 20 ಡಿಬಿಗೂ ಸರಿಯಾಗಿ ಕೂರುತ್ತದೆ, ನಡುವೆ ಮಾತ್ರ ಜಾಸ್ತಿ ತೋರಿಸುತ್ತದೆ ಅಂದಿರಿ. ನಾನು ಇದೇ ಮೀಟರ್ ಜೊತೆ ಮೂರು ತಿಂಗಳು ಒದ್ದಾಡಿದ್ದೇನೆ.

ಅಕ್ಕ ಹಾಡಿದ ಆರು ಭಾವಗೀತೆಗಳನ್ನು ಮೈಸೂರಿನ ಮನೆಯಲ್ಲೇ ರೆಕಾರ್ಡ್ ಮಾಡಿದ್ದೆ. ಅದಕ್ಕೆಂದೇ ವಿಸಿಎ (ವೋಲ್ಟೇಜ್ ಕೊಟ್ಟು ದನಿಯ ಮಟ್ಟ ಬದಲಿಸುವ ಚಿಪ್) ಇರುವ ಕಂಪ್ರೆಸರ್ ಕಟ್ಟಿದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ 3915 ಕೇಳಿ ತಂದೆ, ಯಾಕೆಂದರೆ ಆಡಿಯೋ ಮೀಟರ್ ಅಂದರೆ 3915 ಅಂತ ತಲೆಯಲ್ಲಿ ಕೂತಿತ್ತು, ಡಿಬಿ ಅಂದ ಮೇಲೆ ಲಾಗ್ (ಹೆಜ್ಜೆಗೆ ಇಷ್ಟು ಪಟ್ಟು ಅಂತ ಏರುವ) ಚಿಪ್ಪೇ ಬೇಕು ಅಲ್ವಾ ಅಂತ. ಮಿಕ್ಸ್ ಮಾಡುವಾಗ ಅಕ್ಕ ಸ್ವಲ್ಪ ದನಿ ಎತ್ತಿದರೂ ಆರು ದೀಪ ಹತ್ತುತ್ತಿತ್ತು. ದೀಪಕ್ಕೆ 2 ಡಿಬಿ ಅಂತ ಗುರುತು ಹಾಕಿದ್ದೆ, ಅಂದರೆ 12 ಡಿಬಿ. ಅಯ್ಯೋ ದನಿ ಹಿಸುಕುತ್ತಿದ್ದೇನೆ ಅಂತ ಹೆದರಿ ಥ್ರೆಶೋಲ್ಡ್ (ಎಷ್ಟು ಜೋರಾದ ಮೇಲೆ ದನಿ ಇಳಿಸಬೇಕು ಅನ್ನುವ ಮಟ್ಟ) ಮೇಲೆ ಮೇಲೆ ಏರಿಸಿದೆ. ನಿಜಕ್ಕೂ ಆಗುತ್ತಿದ್ದದ್ದು 5 ಡಿಬಿ ಮಾತ್ರ. ಕೊನೆಗೆ ಕಂಪ್ರೆಷನ್ನೇ ಇಲ್ಲದ ಹಾಡುಗಳು ಉಳಿದವು, ಸಾಲಿನ ಕೊನೆಯ ಪದ ತಬಲಾದ ಕೆಳಗೆ ಮುಳುಗಿತ್ತು, ಅಮ್ಮನಿಗೆ ಸಾಹಿತ್ಯವೇ ಕೇಳಿಸಲಿಲ್ಲ. ಅಷ್ಟರಲ್ಲಿ ಅಕ್ಕ ಅವನ್ನು ನೆಂಟರಿಗೆಲ್ಲ ಕಳಿಸಿಬಿಟ್ಟಿದ್ದಳು. ಈ ನಡುವೆ ನಾನು ವಿಸಿಎ ಬದಲಿಸಿದೆ, ರೇಶಿಯೋ ರೆಸಿಸ್ಟರ್‌ಗಳನ್ನು ಬದಲಿಸಿದೆ, ಟ್ರಿಮ್ಮರ್ ಎರಡು ಸಲ ಬದಲಿಸಿ ಬೋರ್ಡಿನ ತಾಮ್ರ ಕಿತ್ತುಬಂತು.

ತಪ್ಪು ಎಲ್ಲಿತ್ತು ಅಂದರೆ, 3915 ಮಾಡಿರುವುದು ನೇರ ಸಿಗ್ನಲ್ ಅಳೆಯಲು. ಅದರಲ್ಲಿ ಪ್ರತಿ ದೀಪಕ್ಕೂ ವೋಲ್ಟೇಜ್ 1.41 ಪಟ್ಟು ಏರಬೇಕು, ಅದು 3 ಡಿಬಿ. ಆದರೆ ನಮ್ಮ ಮೀಟರ್‌ಗೆ ಹೋಗುವುದು ವಿಸಿಎಯ ಕಂಟ್ರೋಲ್ ವೋಲ್ಟೇಜ್, ಅದು ಆಗಲೇ ಡಿಬಿ ಲೆಕ್ಕದಲ್ಲಿದೆ. ಥ್ಯಾಟ್ 2180 ಅನ್ನುವ ವಿಸಿಎ ಚಿಪ್‌ನಲ್ಲಿ ಒಂದು ಡಿಬಿಗೆ ಸುಮಾರು 6.1 ಮಿಲಿವೋಲ್ಟ್, 1ರಿಂದ 2 ಡಿಬಿಗೆ ಹೋದರೂ ಅಷ್ಟೇ, 19ರಿಂದ 20ಕ್ಕೆ ಹೋದರೂ ಅಷ್ಟೇ. ಅದರ ಮೇಲೆ 3915 ಇನ್ನೊಂದು ಸಲ ಲಾಗ್ ಹಾಕುತ್ತದೆ. 20 ಡಿಬಿಗೆ 2 ವೋಲ್ಟ್ ಇಟ್ಟರೆ ಅದರ ಕೆಳಗಿನ ದೀಪ 1.41 ವೋಲ್ಟ್‌ಗೆ, ಅಂದರೆ 14 ಡಿಬಿಗೇ ಹತ್ತಿಬಿಡುತ್ತದೆ. 10 ಡಿಬಿಗೆ ಎಂಟು ದೀಪ. ಇದು ನನಗೆ ಹೊಳೆದದ್ದು ಕಂಪ್ರೆಸರ್ ಬಿಚ್ಚಿ, ಬ್ಯಾಟರಿ ಮತ್ತು ಒಂದು ಪಾಟ್‌ನಿಂದ ಮೀಟರ್‌ಗೆ ಸುಮ್ನೆ ಡಿಸಿ ಕೊಟ್ಟು ನೋಡಿದಾಗ. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು.

ಹಾಗಾಗಿ 3914 ತನ್ನಿ. ಅದು ಲೀನಿಯರ್ (ಪ್ರತಿ ದೀಪಕ್ಕೂ ಅಷ್ಟೇ ವೋಲ್ಟ್ ಏರುತ್ತದೆ), ಕಾಲುಗಳ ಜೋಡಣೆ ಒಂದೇ, ಅದೇ ಸಾಕೆಟ್‌ಗೆ ಕೂರುತ್ತದೆ.

ಇನ್ನೊಂದು ಮಾತು. 20 ಡಿಬಿ ಮೀಟರ್ ನಿಮಗೆ ಬೇಡವೇ ಬೇಡ. ಪೂರ್ತಿ ಮಿಕ್ಸ್ ಮೇಲೆ 2ರಿಂದ 4 ಡಿಬಿ ಕಂಪ್ರೆಷನ್ ಮಾಡುವವರಿಗೆ ಒಂದು ದೀಪಕ್ಕೆ ಒಂದೇ ಡಿಬಿ ಇರಲಿ. 3914ರ 8ನೇ ಮತ್ತು 4ನೇ ಕಾಲು ಗ್ರೌಂಡ್‌ಗೆ, 6 ಮತ್ತು 7 ಒಟ್ಟಿಗೆ ಸೇರಿಸಿ, ದೀಪದ ಕರೆಂಟ್‌ಗೆ 7ರಿಂದ ಗ್ರೌಂಡ್‌ಗೆ 1.2 ಕೆ ರೆಸಿಸ್ಟರ್ ಹಾಕಿ. ಆಗ ಹತ್ತನೇ ದೀಪ 1.25 ವೋಲ್ಟ್‌ಗೆ ಹತ್ತುತ್ತದೆ. 6.1 ಮಿಲಿವೋಲ್ಟ್ ಅನ್ನು 125 ಮಾಡಲು ಆಪ್‌ಆಂಪ್ (ವೋಲ್ಟೇಜ್ ಹಿಗ್ಗಿಸುವ ಚಿಪ್) ಗೇನ್ ಸುಮಾರು 20.5 ಪಟ್ಟು ಬೇಕು, ಟ್ರಿಮ್ಮರ್ ಅಲ್ಲಿ ಮಾತ್ರ ಇರಲಿ. ಕಂಟ್ರೋಲ್ ವೋಲ್ಟೇಜನ್ನು ಮೇಕಪ್ ಗೇನ್ (ಇಳಿದ ದನಿಯನ್ನು ಮತ್ತೆ ಏರಿಸುವುದು) ಸೇರುವ ಮುಂಚೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಮೇಕಪ್ ತಿರುಗಿಸಿದಾಗೆಲ್ಲ ಮೀಟರ್ ಓಡುತ್ತದೆ.

ಸೆಟ್ ಮಾಡುವ ಮುಂಚೆ ಅರ್ಧ ಗಂಟೆ ಆನ್ ಇರಲಿ. ಬಿಸಿಯಾದಂತೆ ಆ 6.1 ಬದಲಾಗುತ್ತದೆ, ಡಿಗ್ರಿಗೆ ಸುಮಾರು 0.33 ಶೇಕಡಾ. 400 ಹರ್ಟ್ಸ್ ಸೈನ್ ಕೊಡಿ, 1 ಕಿಲೋಹರ್ಟ್ಸ್ ಬೇಡ, ಅಗ್ಗದ ಮಲ್ಟಿಮೀಟರ್ ಎಷ್ಟೋ 400ರ ಮೇಲೆ ನಂಬಲು ಆಗುವುದಿಲ್ಲ. ರಿಲೀಸ್ (ಕಂಪ್ರೆಷನ್ ಬಿಡುವ ವೇಗ) ನಿಧಾನಕ್ಕೆ ಇಡಿ, ದೀಪ ಮಿನುಗುವುದಿಲ್ಲ. ಕಂಪ್ರೆಷನ್ ಇಲ್ಲದಾಗ ಔಟ್‌ಪುಟ್ 1 ವೋಲ್ಟ್ ಮಾಡಿಕೊಳ್ಳಿ. ಆಮೇಲೆ ಥ್ರೆಶೋಲ್ಡ್ ಇಳಿಸುತ್ತಾ 0.316ಕ್ಕೆ ತನ್ನಿ, ಅದು 10 ಡಿಬಿ, ಹತ್ತನೇ ದೀಪ ಆಗಷ್ಟೇ ಹತ್ತುವಂತೆ ಟ್ರಿಮ್ಮರ್ ತಿರುಗಿಸಿ. ವಾಪಸ್ 0.5ಕ್ಕೆ ಬಂದರೆ ಆರು ದೀಪ, 0.708ಕ್ಕೆ ಮೂರು ದೀಪ ಇರಬೇಕು.

ಚಿಪ್ ಬದಲಿಸಿದ ಮೇಲೆ ಆ ಎರಡು ಕಡೆ ಎಷ್ಟು ದೀಪ ಹತ್ತಿತು ಅಂತ ಇಲ್ಲೇ ಬರೆಯಿರಿ, ಒಟ್ಟಿಗೆ ನೋಡೋಣ.